ಅಡ್ವಾನ್ಸ್ ಕೊಟ್ಟಾಗಿದೆ ಮೇಡಂ, ಈಗ ಕಾಗದ ನೋಡುತ್ತೀರಾ? (ಭಾನುವಾರದ ಪ್ರಶ್ನೋತ್ತರ)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮನೆ, ಸೈಟು, ಫ್ಲ್ಯಾಟ್ ತಗೊಳ್ಳೋದಾ ಬೇಡವಾ ಎಂದು ತಲೆ ಕೆಡಿಸಿಕೊಂಡಿರುವವರಿಗೆ ನಮ್ಮ ಗುಂಪಿನ ವಕೀಲೆ ಮೇಡಂ ಇವತ್ತು 11ರಿಂದ 1 ಗಂಟೆವರೆಗೆ ಸಿಗುತ್ತಾರೆ. ಮೈಸೂರಿನಲ್ಲಿ ಆಸ್ತಿ ಕೇಸುಗಳನ್ನೇ ನೋಡುವವರು. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಬೇಡ.

ಹಾಸನದ ಹುಡುಗ: ಮೇಡಂ, ಬೆಂಗಳೂರಲ್ಲಿ ಬಿ ಖಾತಾ ಸೈಟು ನೋಡಿದ್ದೇನೆ. ತಗೋಬಹುದಾ?

ವಕೀಲೆ: ಬಿ ಖಾತಾ ಎಂದರೆ ನಿಮ್ಮಿಂದ ಕಂದಾಯ ವಸೂಲಿ ಮಾಡಲು ಇಟ್ಟುಕೊಂಡ ಲೆಕ್ಕ. ಕೃಷಿ ಜಮೀನು ವಾಸಕ್ಕೆ ಪರಿವರ್ತನೆ ಆಗಿದೆಯಾ, ಲೇಔಟಿಗೆ ಮಂಜೂರಾತಿ ಇದೆಯಾ ಎಂಬುದಕ್ಕೆ ಅದು ಉತ್ತರವಲ್ಲ. ಎಷ್ಟೋ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಮುಂದೆ ಎ ಖಾತಾ (ಮಂಜೂರಾತಿ ಎಲ್ಲ ಸರಿ ಇರುವ ಆಸ್ತಿಯದು) ಆಗುತ್ತದೆ ಎಂಬ ಮಾತು ನಂಬಿ ಇವತ್ತೇ ಎ ಖಾತಾ ರೇಟು ಕೊಡಬೇಡಿ. ಮೂಲ ಕಾಗದ ವಕೀಲರಿಗೆ ತೋರಿಸದೆ ಯಾವ ಸೈಟನ್ನೂ ತಗೋಬೇಡಿ.

ವೈಟ್‌ಫೀಲ್ಡ್ ಟೆಕ್ಕಿ: ರೆಡಿ ಫ್ಲ್ಯಾಟ್. ಒಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಎಂಬ ಪ್ರಮಾಣಪತ್ರ) ಮೂರು ತಿಂಗಳಲ್ಲಿ ಬರುತ್ತದೆ ಎನ್ನುತ್ತಿದ್ದಾರೆ. ಅದಕ್ಕೇ 8 ಲಕ್ಷ ಕಡಿಮೆ. ಹೆಂಡತಿಗೆ ಬಾಲ್ಕನಿ ತುಂಬಾ ಹಿಡಿಸಿದೆ.

ವಕೀಲೆ: ಬಾಲ್ಕನಿಗೆ ಒಸಿ ಬೇಕಿಲ್ಲ, ಕಟ್ಟಡಕ್ಕೆ ಬೇಕು. ಒಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲೇ ಹೇಳಿದೆ. ಆ 8 ಲಕ್ಷ ಯಾಕೆ ಕಡಿಮೆ ಮಾಡಿದರು ಎಂದು ಈಗ ಗೊತ್ತಾಯಿತಲ್ಲ. ಇನ್ನೊಂದು: ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ, ರಿಜಿಸ್ಟರ್ ಆದ ಕರಾರು ಇಲ್ಲದೆ ಬಿಲ್ಡರ್ ನಿಮ್ಮಿಂದ 10% ಮೇಲೆ ತಗೊಳ್ಳುವ ಹಾಗಿಲ್ಲ.

ದೋಹಾ ಕನ್ನಡಿಗ: ನಾನು ಊರಿಗೆ ಬರಲು ಆಗುವುದಿಲ್ಲ. ಅಣ್ಣನ ಹೆಸರಿಗೆ ಪವರ್ ಆಫ್ ಅಟಾರ್ನಿ ಕೊಟ್ಟು ಮಂಗಳೂರಲ್ಲಿ ಫ್ಲ್ಯಾಟ್ ತಗೊಂಡರೆ ಮುಂದೆ ತೊಂದರೆ ಇದೆಯಾ?

ಕುವೆಂಪುನಗರ ಬಾಡಿಗೆದಾರ: ಮೇಡಂ, ಸ್ವಲ್ಪ ಉದ್ದ ಇದೆ, ಕ್ಷಮಿಸಿ. ಓನರ್ ಮೇ ಒಳಗೆ ಮನೆ ಖಾಲಿ ಮಾಡಿ ಅಂದರು. ಮಗಳು ಜೂನಿಗೆ ಒಂದನೇ ಕ್ಲಾಸು. ಮೂರು ತಿಂಗಳು ಅಲೆದು ಒಂದು ಮನೆ ಸಿಕ್ಕಿದೆ. 30x40, 62 ಲಕ್ಷ. ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುತ್ತದೆ, ಹಿಂದೆ ತುಳಸಿಕಟ್ಟೆ ಇದೆ ಎಂದು ಅತ್ತೆ ಅವತ್ತೇ ಒಪ್ಪಿಬಿಟ್ಟರು. ಬೇರೆ ಪಾರ್ಟಿ ಸೋಮವಾರ ಪೂರ್ತಿ ದುಡ್ಡು ತರುತ್ತಾರೆ ಎಂದು ಬ್ರೋಕರ್ ಹೇಳಿದ್ದಕ್ಕೆ ಹೋದ ಭಾನುವಾರ ರಾತ್ರಿಯೇ 5 ಲಕ್ಷ ಕೊಟ್ಟೆವು. 200 ರೂಪಾಯಿ ಛಾಪಾ ಕಾಗದದಲ್ಲಿ ಕರಾರು ಆಗಿದೆ. ಸೈಟು ಮಾರುವವರ ತಂದೆ ತಗೊಂಡಿದ್ದು. ತಂದೆ 2013ರಲ್ಲಿ ತೀರಿಹೋಗಿದ್ದಾರೆ, ವಿಲ್ ಇಲ್ಲ. ಖಾತೆ ದೊಡ್ಡ ಮಗನ ಹೆಸರಲ್ಲಿದೆ, ಕಂದಾಯ ಕಟ್ಟಿದ್ದಾರೆ, ಇಸಿ (ಋಣಭಾರ ಪ್ರಮಾಣಪತ್ರ) ಕ್ಲೀನ್, ಬ್ಯಾಂಕಿನ ಲೀಗಲ್ ಪರಿಶೀಲನೆ ಕೂಡ ಆಗಿದೆ. ವಂಶವೃಕ್ಷದಲ್ಲಿ ತಾಯಿ ಮತ್ತು ಇಬ್ಬರು ಗಂಡುಮಕ್ಕಳ ಹೆಸರು ಇದೆ. ಚಿಕ್ಕ ಮಗ 2019ರಲ್ಲಿ ತೀರಿಹೋದರು, ಅವರಿಗೆ 14 ವರ್ಷದ ಮಗ. ಇಬ್ಬರು ಅಕ್ಕಂದಿರು ಇದ್ದಾರಂತೆ, ಅವರಿಗೆ ಮದುವೆಯಲ್ಲೇ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟು ಮುಗಿಸಿದ್ದಾರಂತೆ. ನಾಡಿದ್ದು ರಿಜಿಸ್ಟ್ರೇಷನ್. ಎಲ್ಲ ಸರಿ ಇದೆ ಅಲ್ವಾ?

ವಕೀಲೆ: ಸರಿ ಇಲ್ಲ. ನಾಡಿದ್ದು ಹೋಗಬೇಡಿ. ಬೇರೆಯವರೆಲ್ಲ ಸ್ವಲ್ಪ ಕಾಯಿರಿ, ಇದಕ್ಕೆ ಪೂರ್ತಿ ಬರೆಯುತ್ತೇನೆ.

ಬಿಸಿಲು, ತುಳಸಿಕಟ್ಟೆ ಎಲ್ಲ ಮೊದಲು ಬರೆದು, ಅಕ್ಕಂದಿರ ವಿಷಯ ಕೊನೆಗೆ ಒಂದು ಸಾಲಲ್ಲಿ ಮುಗಿಸಿದ್ದೀರಿ. ನಾನು ಆ ಸಾಲಿನಲ್ಲೇ ನಿಂತೆ. ತಂದೆಯ ಸ್ವಂತ ಸಂಪಾದನೆ, ವಿಲ್ ಇಲ್ಲ. ಅಂದ ಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಇದಕ್ಕೆ ಎಲ್ಲರೂ ಹೇಳುವ 2005ರ ತಿದ್ದುಪಡಿಯೂ ಬೇಕಿಲ್ಲ, ಅದು ಪಿತ್ರಾರ್ಜಿತದ ಮಾತು. ಮದುವೆ ಯಾವಾಗ ಆಯಿತು, ಎಷ್ಟು ತೊಲ ಕೊಟ್ಟರು, ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಒಟ್ಟು ಐದು ಪಾಲು. ಒಂದು ಪಾಲಿನವರು ನಿಮಗೆ ಐದು ಪಾಲನ್ನೂ ಮಾರುತ್ತಿದ್ದಾರೆ.

ಹಾಗಾದರೆ ಇಸಿ ಯಾಕೆ ಕ್ಲೀನ್? ಇಸಿಯಲ್ಲಿ ಬರುವುದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ಅಪ್ಪ ಸತ್ತಾಗ ಮಗಳಿಗೆ ಬಂದ ಹಕ್ಕನ್ನು ಯಾರೂ ರಿಜಿಸ್ಟರ್ ಮಾಡಿಸುವುದಿಲ್ಲ. ಖಾತೆ ಕಂದಾಯಕ್ಕೆ, ಮಾಲೀಕತ್ವಕ್ಕಲ್ಲ. ವಂಶವೃಕ್ಷದಲ್ಲಿ ಅರ್ಜಿ ಹಾಕಿದವರು ಹೇಳಿದ ಹೆಸರೇ ಬರುವುದು ಜಾಸ್ತಿ. ಅಕ್ಕಂದಿರನ್ನೇ ಬಿಟ್ಟಿರುವ ವಂಶವೃಕ್ಷ ನೋಡಿ ಬ್ಯಾಂಕಿನ ವಕೀಲರು ಒಪ್ಪಿದ್ದಾರೆ, ಅಷ್ಟೇ. ನಾಳೆ ಕೇಸು ಬಿದ್ದರೂ ಇಎಂಐ ನಿಮ್ಮದೇ.

ನನಗೆ ಅಕ್ಕಂದಿರಿಗಿಂತ ಜಾಸ್ತಿ ಭಯ ಆ ಹುಡುಗನದು. ತೀರಿಹೋದ ತಮ್ಮನ ಪಾಲು ಅವನಿಗೆ, ಅವನ ತಾಯಿಗೆ, ಅಜ್ಜಿಗೆ ಬಂದಿದೆ. ಅಪ್ರಾಪ್ತನ ಪಾಲು ಮಾರಲು ತಾಯಿ ಸಹಿ ಸಾಲದು, ಮೊದಲೇ ಕೋರ್ಟ್ ಅನುಮತಿ ಬೇಕು. ಇಲ್ಲದಿದ್ದರೆ ಅವನು 18 ತುಂಬಿದ ಮೇಲೆ ಮೂರು ವರ್ಷದೊಳಗೆ ಆ ಮಾರಾಟ ರದ್ದು ಮಾಡಿ ಎಂದು ದಾವೆ ಹಾಕಬಹುದು. ಈಗ 14. ಏಳು ವರ್ಷ ನೀವು ಆ ಮನೆಗೆ ಬಣ್ಣ ಹೊಡೆಸುವಾಗಲೂ ಯೋಚನೆ ಮಾಡಬೇಕು. ಇದೇ ತರಹದ ಒಂದು ಕೇಸಿನಲ್ಲಿ ನಾನು ಕೊಂಡವರ ಪರ ನಿಂತಿದ್ದೆ. ಅವರು ಮೇಲೆ ಇನ್ನೊಂದು ಅಂತಸ್ತು ಕಟ್ಟಿದ್ದರು. ಹುಡುಗ ಎಂಜಿನಿಯರಿಂಗ್ ಓದುತ್ತಾ ನೋಟಿಸ್ ಕಳಿಸಿದ.

ಈಗ ಮಾಡಬೇಕಾದದ್ದು: ತಾಯಿ, ಇಬ್ಬರೂ ಅಕ್ಕಂದಿರು, ತಮ್ಮನ ಹೆಂಡತಿ ಕ್ರಯಪತ್ರದಲ್ಲಿ ಮಾರುವವರಾಗಿ ಸಹಿ ಹಾಕಬೇಕು. ಇಲ್ಲವೇ ರಿಜಿಸ್ಟರ್ ಆದ ಹಕ್ಕು ಬಿಡುಗಡೆ ಪತ್ರ ತರಬೇಕು. ಬಿಳಿ ಹಾಳೆಯಲ್ಲಿ ‘ನಮಗೇನೂ ಬೇಡ’ ಎಂದು ಬರೆಸಿ ತಂದರೆ ಅದಕ್ಕೆ ಬೆಲೆ ಇಲ್ಲ. ಹುಡುಗನ ಪಾಲಿಗೆ ಜಿಲ್ಲಾ ನ್ಯಾಯಾಲಯದ ಅನುಮತಿ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಜೂನಿಗೆ ಆಗುವುದಿಲ್ಲ. ಮಗಳಿಗೆ ಇನ್ನೊಂದು ಬಾಡಿಗೆ ಮನೆ ನೋಡಿ. ಆಮೇಲೆ ಕರಾರಿನ ಎರಡನೇ ಪುಟ ಫೋಟೋ ತೆಗೆದು ನನಗೆ ಪ್ರತ್ಯೇಕವಾಗಿ ಕಳಿಸಿ. ‘ಕೊಳ್ಳುವವರು ತಪ್ಪಿದರೆ ಮುಂಗಡ ವಾಪಸ್ ಇಲ್ಲ’ ಎಂಬ ಸಾಲು ಅಲ್ಲಿದೆಯಾ ಎಂದು ನೋಡಬೇಕು.

ಇನ್ನು ಸೋಮವಾರ ದುಡ್ಡು ತರುವ ಆ ‘ಬೇರೆ ಪಾರ್ಟಿ’. ನಾನು ವಕೀಲಿಕೆ ಶುರು ಮಾಡಿದಾಗಿನಿಂದ ಎಲ್ಲ ಮನೆಗೂ ಅವರೇ ಬರುತ್ತಿದ್ದಾರೆ.

ಚಾಮರಾಜಪುರಂ: ಒಂದು ಮೆಸೇಜ್ ಬಂದಿತ್ತು ಮೇಡಂ. 12 ವರ್ಷ ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದರೆ ಮನೆ ನಮ್ಮದೇ ಆಗುತ್ತದಂತೆ, ಸುಪ್ರೀಂ ಕೋರ್ಟ್ ಆದೇಶ. ಹಾಗಾದರೆ ಮನೆ ಯಾಕೆ ಕೊಳ್ಳಬೇಕು?

ವಕೀಲೆ: ಫಾರ್ವರ್ಡ್ ಬೇಡ ಎಂದು ಅಡ್ಮಿನ್ ಬರೆದಿದ್ದಾರೆ. ಬಾಡಿಗೆ ಕೊಡುವವರು ಮಾಲೀಕರ ಒಪ್ಪಿಗೆಯಿಂದ ಇರುವವರು. 12 ಅಲ್ಲ, 50 ವರ್ಷವಾದರೂ ಬಾಡಿಗೆದಾರರೇ.

ಚಾಮರಾಜಪುರಂ: ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಮಾಡಿಸಿ ನೋಟರಿ ಹಾಕಿಸಿದರೆ ಸಾಕು, ರಿಜಿಸ್ಟ್ರೇಷನ್ ದುಡ್ಡು ಉಳಿಯುತ್ತದೆ ಅಂತಲೂ ಇತ್ತು.

ವಕೀಲೆ: ಜಿಪಿಎ ಮೇಲೆ ಮಾಡುವ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿ ಮುಗಿಸಿದೆ. ಅದನ್ನು ಯಾಕೆ ಯಾರೂ ಫಾರ್ವರ್ಡ್ ಮಾಡುವುದಿಲ್ಲವೋ.

ದಟ್ಟಗಳ್ಳಿ: ಬಿ ಖಾತಾ ಮನೆ ತಗೋಬಹುದಾ ಮೇಡಂ?

ವಕೀಲೆ: ಮೇಲೆ ಓದಿ.

ವೈಟ್‌ಫೀಲ್ಡ್ ಟೆಕ್ಕಿ: ಕುವೆಂಪುನಗರದವರಿಗೆ ಒಂದು ಮಾತು. 62 ಲಕ್ಷಕ್ಕೆ ಬ್ಯಾಂಕು ಜಾಸ್ತಿ ಎಂದರೆ 80% ಕೊಡುತ್ತದೆ. ಕೈಯಿಂದ 12 ಲಕ್ಷದ 40 ಸಾವಿರ. ಮುದ್ರಾಂಕ ಶುಲ್ಕ, ಸೆಸ್ಸು ಎಲ್ಲ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1% ಇದ್ದದ್ದು 2% ಆಗಿದೆ. ಎರಡೂ ಸೇರಿ 4 ಲಕ್ಷದ 71 ಸಾವಿರ. ಹತ್ತಿರ ಹತ್ತಿರ 50 ಲಕ್ಷ ಸಾಲಕ್ಕೆ 8.5% ಬಡ್ಡಿಯಲ್ಲಿ 20 ವರ್ಷ ಇಎಂಐ 43 ಸಾವಿರದ ಮೇಲೆ. ಅದೇ ಮನೆ 18 ಸಾವಿರಕ್ಕೆ ಬಾಡಿಗೆಗೆ ಸಿಗುತ್ತದೆ. ಸುಮ್ನೆ ಬಾಡಿಗೆಗೆ ಇದ್ದು ಉಳಿದದ್ದನ್ನು ಎಸ್‌ಐಪಿಗೆ (ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ) ಹಾಕಿ.

ನಿವೃತ್ತ ಮೇಷ್ಟ್ರು: ಲೆಕ್ಕ ಚೆನ್ನಾಗಿದೆ ಸ್ವಾಮಿ. ಓನರ್ ಖಾಲಿ ಮಾಡಿ ಅಂದಾಗ ಎಸ್‌ಐಪಿ ಒಳಗೆ ಮಲಗಲು ಆಗುತ್ತದಾ? ನಾನು 11 ಮನೆ ಬದಲಾಯಿಸಿದವನು. ಮಗಳ ಮದುವೆ ಮಾತುಕತೆಗೆ ಬಂದವರು ಮೊದಲು ಕೇಳಿದ್ದೇ ‘ಸ್ವಂತ ಮನೆಯಾ?’ ಅಂತ.

ವೈಟ್‌ಫೀಲ್ಡ್ ಟೆಕ್ಕಿ: ಸರ್, ನೆಂಟರ ಬಾಯಿಗೆ ಹೆದರಿ 20 ವರ್ಷ ಬಡ್ಡಿ ಕಟ್ಟಬೇಕಾ?

ಬೋಗಾದಿ: ಮೇಷ್ಟ್ರು ಹೇಳಿದ್ದು ಸರಿ. ನೀವು ಫ್ಲ್ಯಾಟ್ ತಗೊಳ್ಳಲು ಹೊರಟವರೇ ಅಲ್ವಾ, ಒಸಿ ಇಲ್ಲದ್ದು? ಊರಿಗೆಲ್ಲ ಬಾಡಿಗೆ ಉಪದೇಶ!

ವೈಟ್‌ಫೀಲ್ಡ್ ಟೆಕ್ಕಿ: ಅದು ಹೆಂಡತಿಯ ಆಸೆ. ನನ್ನ ಲೆಕ್ಕ ಬೇರೆ.

ಬೋಗಾದಿ: ಅಪ್ಪ ಕಟ್ಟಿಸಿದ ಮನೆ ಬೆನ್ನಿಗಿರುವವರಿಗೆ ಬಾಡಿಗೆ ಸುಖವಾಗೇ ಕಾಣುತ್ತದೆ.

ವೈಟ್‌ಫೀಲ್ಡ್ ಟೆಕ್ಕಿ: ನಮ್ಮಪ್ಪನ ವಿಷಯ ಇಲ್ಲಿ ಯಾಕೆ? ಅಡ್ಮಿನ್ ನೋಡಿ.

ಸರಸ್ವತಿಪುರಂ: ದಕ್ಷಿಣ ಬಾಗಿಲಿನ ಮನೆ ಬೇಡ ಎಂದು ನಮ್ಮನೆಯಲ್ಲಿ ಜಗಳ. 4 ಲಕ್ಷ ಕಡಿಮೆಗೆ ಸಿಗುತ್ತಿದೆ. ಮೇಡಂ ಏನು ಹೇಳುತ್ತೀರಿ?

ವಕೀಲೆ: ನಾನು ಕಾಗದ ನೋಡುವವಳು, ದಿಕ್ಕು ನೋಡುವವಳಲ್ಲ.

ಬೋಗಾದಿ: ದಕ್ಷಿಣ ಬೇಡ. ನಮ್ಮ ಚಿಕ್ಕಪ್ಪ ತಗೊಂಡು ನಷ್ಟ ಮಾಡಿಕೊಂಡರು.

ನಿವೃತ್ತ ಮೇಷ್ಟ್ರು: ನಮ್ಮದು ದಕ್ಷಿಣವೇ. ಮಕ್ಕಳಿಬ್ಬರೂ ಚೆನ್ನಾಗಿದ್ದಾರೆ. ನಿಮ್ಮ ಚಿಕ್ಕಪ್ಪ ಚೀಟಿ ನಡೆಸುತ್ತಿದ್ದರು ಅಲ್ವಾ?

ಬೋಗಾದಿ: ಮೇಷ್ಟ್ರೇ, ಮಾತು ಹಿಡಿತದಲ್ಲಿರಲಿ.

ದೋಹಾ ಕನ್ನಡಿಗ: ಮೇಡಂ, ನನ್ನ ಪ್ರಶ್ನೆ ಮೇಲೆ ಇದೆ.

ಅಡ್ಮಿನ್: ಎಲ್ಲರೂ ಸಮಾಧಾನ. ಚಿಕ್ಕಪ್ಪನವರ ವಿಷಯ ಬಿಡಿ. ಎರಡು ಕಮೆಂಟು ತೆಗೆದಿದ್ದೇನೆ.

ರಾಮಕೃಷ್ಣನಗರ: ಬಿ ಖಾತಾ ಬಗ್ಗೆ ಸ್ವಲ್ಪ ತಿಳಿಸಿ ಮೇಡಂ.

ವಕೀಲೆ: ಮೇಲೆ.

ಕುವೆಂಪುನಗರ ಬಾಡಿಗೆದಾರ: ಮೇಡಂ, ಈಗ ಬ್ರೋಕರ್‌ಗೆ ಫೋನ್ ಮಾಡಿದೆ. ಒಬ್ಬ ಅಕ್ಕ ಶಿವಮೊಗ್ಗದಲ್ಲಿದ್ದಾರೆ, ಕರೆಸುತ್ತೇವೆ ಅಂದರು. ಇನ್ನೊಬ್ಬರ ಜೊತೆ ಮಾತಿಲ್ಲವಂತೆ, ನಂಬರೂ ಇಲ್ಲವಂತೆ. ‘ಅಷ್ಟೆಲ್ಲಾ ಅನುಮಾನ ಇದ್ದರೆ ಬಿಡಿ ಸರ್’ ಎಂದು ರೇಗಿದರು.

ವಕೀಲೆ: ಮಾತಿಲ್ಲದ ಅಕ್ಕ. ಅವರೇ ಕೇಸು ಹಾಕುವವರು. ಕರಾರಿನ ಎರಡನೇ ಪುಟ ಎಲ್ಲಿ? ಇನ್ನೂ ಬಂದಿಲ್ಲ.

ಕುವೆಂಪುನಗರ ಬಾಡಿಗೆದಾರ: ಕಳಿಸುತ್ತೇನೆ. ಆದರೆ ಅತ್ತೆ ಗೃಹಪ್ರವೇಶಕ್ಕೆ ಪುರೋಹಿತರಿಗೆ ಹೇಳಿಬಿಟ್ಟಿದ್ದಾರೆ. ಇದನ್ನು ಅವರಿಗೆ ಹೇಗೆ ಹೇಳಲಿ ಎಂದೇ ತಿಳಿಯುತ್ತಿಲ್ಲ. ಬ್ಯಾಂಕು ಒಪ್ಪಿದ ಮೇಲೆ ಇನ್ನೇನು ಅಂತಾರೆ.

ವಕೀಲೆ: 1 ಗಂಟೆ ಆಯಿತು, ನಾನು ಹೊರಟೆ. ನಾಳೆ ಬೆಳಿಗ್ಗೆ 10ರ ಮೇಲೆ ಆಫೀಸಿಗೆ ಬನ್ನಿ. ಅತ್ತೆಯವರನ್ನೂ ಕರೆದುಕೊಂಡು ಬನ್ನಿ.