ಕಾಮೆಟ್ 1:144 – ಡೆಕಾಲ್ ಪಟ್ಟಿ ಸಾಲುತ್ತಿಲ್ಲ, ರೆಕ್ಕೆಯ ಟ್ಯಾಂಕ್‌ಗಳೇ ಇಲ್ಲ!

ಬಾಲಚಕ್ರ: ತಲೆ ಕೆಟ್ಟುಹೋಗಿದೆ. ಹಳೆಯ ಬ್ರಿಟಿಷ್ ಜೆಟ್ ವಿಮಾನ ಕಾಮೆಟ್‌ನ ಪ್ಲಾಸ್ಟಿಕ್ ಮಾದರಿ ಕಿಟ್ ಇದು, ನಿಜವಾದದ್ದರ 144ನೇ ಒಂದರಷ್ಟು ಅಳತೆ. ಅದಕ್ಕೆ ಬ್ರಿಟನ್ನಿನ ವಿಮಾನ ಸಂಸ್ಥೆ ಬಿಒಎಸಿಯ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಹಾಳೆ ಬೇರೆ ತರಿಸಿದೆ. ಕಿಟಕಿ ಸಾಲಿನ ನೀಲಿ ಪಟ್ಟಿ ಬಾಲ ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ಅದು ಸಾಲದೆಂಬಂತೆ, ಫೋಟೋಗಳಲ್ಲಿ ರೆಕ್ಕೆಯ ಮುಂದೆ ಚಾಚಿಕೊಂಡಿರುವ ಎರಡು ಇಂಧನ ಟ್ಯಾಂಕ್‌ಗಳು ಪೆಟ್ಟಿಗೆಯಲ್ಲೇ ಇಲ್ಲ. ಅಂಗಡಿಯವರು ಫೋನ್ ಎತ್ತುವುದಿಲ್ಲ.

ಪ್ಲಾಸ್ಟಿಕ್‌ಪ್ರಿಯ: ಡೆಕಾಲ್ ಸುರುಟಿಕೊಂಡಿರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಿಡಿಸಿ, ಮೇಲೆ ಸಾಫ್ಟನರ್ (ಡೆಕಾಲ್ ಮೆದುಗೊಳಿಸುವ ದ್ರವ) ಹಚ್ಚಿ.

ಬಾಲಚಕ್ರ: ಸುರುಟಿಲ್ಲ. ಗಿಡ್ಡವಾಗಿದೆ.

ಪ್ಲಾಸ್ಟಿಕ್‌ಪ್ರಿಯ: ಮೊದಲು ಹಾಗೆಯೇ ಕಾಣುತ್ತದೆ. ಇನ್ನೊಮ್ಮೆ ಸಾಫ್ಟನರ್ ಹಚ್ಚಿ.

ಹಳೆಹ್ಯಾಂಗರ್: ಅದು ಕಾಮೆಟ್ 1ರ ಹಾಳೆ. ಅದರ ಉದ್ದ 28 ಮೀಟರ್, ಕಾಮೆಟ್ 4ರದ್ದು 34. ಕಿಟಕಿ ಚೌಕವಾಗಿದ್ದರೆ ಅನುಮಾನವೇ ಬೇಡ. ಆ ಚೌಕ ಕಿಟಕಿಗಳಿಂದಲೇ ಅಲ್ಲವೇ 1954ರಲ್ಲಿ ಇಟಲಿಯ ಎಲ್ಬಾ ದ್ವೀಪದ ಬಳಿ ಕಾಮೆಟ್ 1 ವಿಮಾನ ಆಕಾಶದಲ್ಲೇ ಒಡೆದದ್ದು?

ರಿವೆಟ್‌ರಾಯ: ಮತ್ತೆ ಅದೇ ಕಥೆ! ಎಲ್ಬಾ ಬಳಿ ಬಿದ್ದದ್ದು ಜಿ-ಎಎಲ್‌ವೈಪಿ ಎಂಬ ನೋಂದಣಿ ಸಂಖ್ಯೆಯ ವಿಮಾನ. ಅದರ ಬಿರುಕು ಶುರುವಾದದ್ದು ಚಾವಣಿಯ ಆಂಟೆನಾ ಕಿಂಡಿಯ ಬಳಿ, ಪ್ರಯಾಣಿಕರ ಕಿಟಕಿಯಲ್ಲಲ್ಲ. ಆಮೇಲೆ ಕಾರಣ ಹುಡುಕಲು ಇಂಗ್ಲೆಂಡಿನ ಫಾರ್ನ್‌ಬರೋ ಸಂಶೋಧನಾ ಕೇಂದ್ರದ ನೀರಿನ ತೊಟ್ಟಿಯಲ್ಲಿ ಪರೀಕ್ಷಿಸಿದ್ದು ಜಿ-ಎಎಲ್‌ವೈಯು, ಬೇರೆ ವಿಮಾನ. ಕಿಟಕಿಗಳೂ ಚೌಕವಲ್ಲ, ಮೂಲೆ ದುಂಡಾದ ಆಯತ.

ಹಳೆಹ್ಯಾಂಗರ್: ಲೋಹ ದಣಿದು ಒಡೆಯಿತೋ ಇಲ್ಲವೋ? ಕಿಂಡಿಗೂ ಮೂಲೆಗಳಿದ್ದವು.

ಬಾಲಚಕ್ರ: ಎಲ್ಬಾ ಬಿಡಿ ಸ್ವಾಮಿ. ನನ್ನ ಟ್ಯಾಂಕ್?

ಗಾಳಿಗೂಡು: ನನ್ನದು ಮೂರು ಲೀಟರಿನದು. ಬಣ್ಣ ಸಿಂಪಡಿಸುವ ಹೊಸ ಕಂಪ್ರೆಸರ್, ನಡುರಾತ್ರಿ ಬೆಳ್ಳಿ ಬಣ್ಣ ಹೊಡೆದರೂ ಮನೆಯಲ್ಲಿ ಯಾರಿಗೂ ಎಚ್ಚರವಾಗುವುದಿಲ್ಲ.

ಬಾಲಚಕ್ರ: ಆ ಟ್ಯಾಂಕ್ ಅಲ್ಲ!

ಅಳತೆಪಟ್ಟಿ: ಮೂಗಿನಿಂದ ಬಾಲದವರೆಗೆ ಮಾದರಿ ಎಷ್ಟು ಉದ್ದವಿದೆ?

ಬಾಲಚಕ್ರ: 25 ಸೆಂ.ಮೀ. ಏಕೆ?

ಅಳತೆಪಟ್ಟಿ: ಹಾಗಾದರೆ ಅದು ಕಾಮೆಟ್ 4ಬಿ. ನಿಜವಾದ ವಿಮಾನ 118 ಅಡಿ. ಯೂರೋಪಿನೊಳಗಿನ ಹತ್ತಿರದ ಮಾರ್ಗಗಳಿಗೆಂದು ಬ್ರಿಟನ್ನಿನ ಇನ್ನೊಂದು ವಿಮಾನ ಸಂಸ್ಥೆ ಬಿಇಎ ಮಾಡಿಸಿಕೊಂಡದ್ದು: ದೇಹ ಉದ್ದ, ರೆಕ್ಕೆ ಮೊಟಕು. ದೂರ ಹಾರಬೇಕಿಲ್ಲವಾದ್ದರಿಂದ ಆ ಟ್ಯಾಂಕ್‌ಗಳೂ ಇಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಏನೂ ಕಳೆದಿಲ್ಲ. ಡೆಕಾಲ್ ಹಾಳೆಯಲ್ಲಿ ಜಿ-ಎಪಿಡಿಸಿ ಎಂಬ ನೋಂದಣಿ ಸಂಖ್ಯೆ ಇದೆಯೇ?

ಬಾಲಚಕ್ರ: ಇದೆ.

ಅಳತೆಪಟ್ಟಿ: 1958ರ ಅಕ್ಟೋಬರ್ 4ರಂದು ಪ್ರಯಾಣಿಕರೊಂದಿಗೆ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋದ ಬಿಒಎಸಿಯ ಕಾಮೆಟ್ 4 ಅದು; 4ಬಿಗಿಂತ ಗಿಡ್ಡ, ಅದಕ್ಕೇ ಪಟ್ಟಿ ಸಾಲುತ್ತಿಲ್ಲ. ಅದೇ ಬೇಕೆಂದರೆ ದೇಹದಲ್ಲಿ ಸುಮಾರು 14 ಮಿ.ಮೀ. ಕತ್ತರಿಸಿ, ಪ್ರತಿ ರೆಕ್ಕೆಗೆ ಏಳೂವರೆ ಮಿ.ಮೀ. ಸೇರಿಸಿ, ಟ್ಯಾಂಕ್‌ಗಳನ್ನು ನೀವೇ ಕೆತ್ತಬೇಕು. ಇಲ್ಲವಾದರೆ ರೆಕ್ಕೆಗೆ ಕೆಂಪು ಬಳಿದು ಬಿಇಎ ಮಾಡಿ.

ಬಾಲಚಕ್ರ: ರೆಕ್ಕೆ ಅಂಟಿಸಿಯಾಗಿದೆ, ಮಧ್ಯದ ಸಂದಿಗೆ ಪುಟ್ಟಿ ಹಾಕಿ ಉಜ್ಜಿಯೂ ಆಗಿದೆ. ಗರಗಸ ಹಾಕುವ ಮಾತೇ ಇಲ್ಲ. ಪೆಟ್ಟಿಗೆಯ ಮೇಲೆ ‘ಕಾಮೆಟ್’ ಅಂಗೈಯಗಲ, ‘ಬಿ’ ಸಾಸಿವೆಯಷ್ಟು.

ಪ್ಲಾಸ್ಟಿಕ್‌ಪ್ರಿಯ: ಪಟ್ಟಿಯನ್ನು ನಡುವೆ ಕತ್ತರಿಸಿ, ಖಾಲಿ ಉಳಿದ ಕಡೆ ನೀಲಿ ಬಳಿಯಿರಿ. ಸಾಫ್ಟನರ್ ಮರೆಯಬೇಡಿ.

ಹಳೆಹ್ಯಾಂಗರ್: ಕಾಮೆಟ್ 1ಕ್ಕೂ ಟ್ಯಾಂಕ್ ಇರಲಿಲ್ಲ. ಅದನ್ನೇ ಮಾಡಬಹುದಲ್ಲ?

ರಿವೆಟ್‌ರಾಯ: ಅದಕ್ಕೆ ಘೋಸ್ಟ್ ಎಂಜಿನ್, ಇದಕ್ಕೆ ಏವನ್. ಇದರ ದೇಹವಂತೂ ಕಾಮೆಟ್ 1ಕ್ಕಿಂತ ಏಳು ಮೀಟರಿಗೂ ಹೆಚ್ಚು ಉದ್ದ. ಇಷ್ಟಾದ ಮೇಲೂ ಕಾಮೆಟ್ 1 ಬಿಡುವುದಿಲ್ಲವೇ ನೀವು?

ಅಳತೆಪಟ್ಟಿ: ಗಾಳಿಗೂಡು ಅವರೇ, ಆ ಕಂಪ್ರೆಸರ್‌ಗೆ ಎಷ್ಟು ಕೊಟ್ಟಿರಿ?