ಅಪ್‌ಡೇಟ್: ಅಪ್ಪ ಅಮ್ಮನ ಜೊತೆ ಲೇಕ್ ಮೀಡ್ ನೋಡಿ ಬಂದೆವು

ಮಂಡಿ ನೋವಿರುವ ಅಪ್ಪನನ್ನು ಅಮೆರಿಕದ ನೆವಾಡಾದ ಲೇಕ್ ಮೀಡ್‌ಗೆ (ಕೊಲೊರಾಡೊ ನದಿಗೆ ಕಟ್ಟಿದ ಹೂವರ್ ಅಣೆಕಟ್ಟಿನ ಜಲಾಶಯ) ಕರೆದುಕೊಂಡು ಹೋದರೆ ಎಲ್ಲಿ ನಡೆಸಬಹುದು ಅಂತ ಕೇಳಿದ್ದೆ. ಹೋಗಿ ಬಂದೆವು, ಎಲ್ಲರಿಗೂ ಥ್ಯಾಂಕ್ಸ್.

ಹಿಸ್ಟಾರಿಕ್ ರೈಲ್‌ರೋಡ್ ಟ್ರೇಲ್ ಅನ್ನುವ ಕಾಲುದಾರಿಗೆ ಹೋಗಿ ಅಂದವರ ಮಾತೇ ಸರಿಯಾಯಿತು. ಹೂವರ್ ಅಣೆಕಟ್ಟು ಕಟ್ಟುವಾಗ ಸಾಮಾನು ಸಾಗಿಸಿದ ರೈಲು ದಾರಿ ಅದು. ಹಳಿ ಈಗಿಲ್ಲ. ಹೆಚ್ಚುಕಮ್ಮಿ ಸಮತಟ್ಟು, ಹಾಗಾಗಿ ಅಪ್ಪ ಆರಾಮವಾಗಿ ನಡೆದರು. ಐದು ದೊಡ್ಡ ಸುರಂಗಗಳಿವೆ. ಹೊರಗೆ ಸುಡುಬಿಸಿಲು, ಒಳಗೆ ಕಾಲಿಟ್ಟರೆ ತಣ್ಣನೆ ಗಾಳಿ. ಅಮ್ಮ ಅಲ್ಲೇ ಗೋಡೆಗೊರಗಿ ಚಕ್ಕುಲಿ ಡಬ್ಬಿ ತೆಗೆದರು!

ಜಲಾಶಯದ ದಡದ ಬೌಲ್ಡರ್ ಬೀಚ್ ಮಾತ್ರ ನಮಗೆ ಆಗಲಿಲ್ಲ. ಮರಳಲ್ಲ, ಪೂರ್ತಿ ಕಲ್ಲು. ವಯಸ್ಸಾದವರಿಗೆ ಕಷ್ಟ.

ಜಲಾಶಯದ ಸುತ್ತಲಿನ ಬಂಡೆಗಳ ಮೇಲಿನ ಬಿಳಿ ಪಟ್ಟೆ ಬಣ್ಣವಲ್ಲ. ನೀರು ಇಳಿದಾಗ ಉಳಿದ ಖನಿಜದ ಗುರುತು. ಅಷ್ಟೆತ್ತರ ನೋಡಿ ನಿಜಕ್ಕೂ ಸಂಕಟವಾಯಿತು. ಕೊಲೊರಾಡೊ ನದಿ ಅಷ್ಟು ಸೊರಗಿದೆ.

ಹತ್ತಿರದ ಊರು ಬೌಲ್ಡರ್ ಸಿಟಿಯ ಹೆಮನ್‌ವೇ ಪಾರ್ಕ್ ಬಿಡಬೇಡಿ. ಸುರುಳಿ ಕೊಂಬಿನ ಕಾಡುಕುರಿಗಳು ಹುಲ್ಲು ಮೇಯಲು ಅಲ್ಲಿಗೇ ಇಳಿದು ಬರುತ್ತವೆ. ದೂರದಿಂದಲೇ ನೋಡಿ, ತಿನ್ನಲು ಏನೂ ಕೊಡಬೇಡಿ. ಟ್ರೇಲ್‌ಗೆ ನೀರು ಜಾಸ್ತಿ ಇಟ್ಟುಕೊಳ್ಳಿ, ಬೇಸಿಗೆಯಲ್ಲಂತೂ ಹೋಗಲೇಬೇಡಿ.