ಅಂಗೈ ಬೆವರಿಗೆ ಏನು ಮಾಡುತ್ತೀರಿ?

ಸಾಗರದಿಂದ: ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಆಷಾಢದ ಚಳಿಯಲ್ಲೂ ಅಂಗೈಯಿಂದ ಬೆವರು ತೊಟ್ಟಿಕ್ಕುತ್ತದೆ. ಕೈಯಡಿ ಕರವಸ್ತ್ರ ಹಾಸಿಕೊಂಡು ಬರೆದರೂ ಶಾಯಿ ಹರಡಿ, ರಾಶಿ ಅಡಿಕೆಯ ದರ ಬೆಟ್ಟೆ ಅಡಿಕೆಯ ಸಾಲಿಗೆ ಇಳಿಯುತ್ತದೆ. ಹೆಬ್ಬೆಟ್ಟು ಯಂತ್ರಕ್ಕಂತೂ ನಾನು ಅಪರಿಚಿತ. ಅಮ್ಮ ದಿನವೂ ಮುರುಗಲು ಶರಬತ್ತು ಕುಡಿಸುತ್ತಾರೆ. ಪ್ರಯೋಜನವಿಲ್ಲ.

ಶಿವಮೊಗ್ಗದಿಂದ: ನನಗೂ ಹೈಸ್ಕೂಲಿನಿಂದ ಇದೇ ಪಾಡು, ಮಾರಾಯರೇ. ಚರ್ಮವೈದ್ಯರು ಶೇ. 20ರ ಅಲ್ಯುಮಿನಿಯಂ ಕ್ಲೋರೈಡ್ ದ್ರಾವಣ ಬರೆದುಕೊಟ್ಟರು. ಮಲಗುವಾಗ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಅದು ಬೆವರಿನ ನಾಳದ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಕೈ ಪೂರ್ತಿ ಒಣಗಿರಲಿ. ನಾನು ಒದ್ದೆ ಕೈಗೇ ಹಚ್ಚಿ, ಉರಿ ತಾಳಲಾರದೆ ನಡುರಾತ್ರಿ ಬಚ್ಚಲಿಗೆ ಓಡಿದ್ದೆ.

ತೀರ್ಥಹಳ್ಳಿಯಿಂದ: ನಿದ್ದೆಯಲ್ಲೂ ಬೆವರುತ್ತೀರಾ? ತೂಕ ಇಳಿದಿದೆಯೇ? ಹಾಗಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ಥೈರಾಯ್ಡ್ ಪರೀಕ್ಷೆಯ ಬಗ್ಗೆಯೂ ಕೇಳಿ. ದ್ರಾವಣ ಹಿಡಿಸದಿದ್ದರೆ ನೀರಿನ ತಟ್ಟೆಯಲ್ಲಿ ಕೈಯಿಟ್ಟು ಅಲ್ಪ ವಿದ್ಯುತ್ ಹರಿಸುವ ಚಿಕಿತ್ಸೆಯೂ ಇದೆ, ಅಯೊಂಟೊಫೊರೆಸಿಸ್ ಎಂದು.

ಸಾಗರದಿಂದ: ನಿದ್ದೆಯಲ್ಲಿ ನನ್ನ ಕೈ ಒಣಗಿಯೇ ಇರುತ್ತದಂತೆ, ಹೆಂಡತಿ ಹೇಳಿದಳು. ಸೋಮವಾರ ಶಿವಮೊಗ್ಗದ ಬಸ್ ಹತ್ತುತ್ತೇನೆ. ಶರಬತ್ತು ಮಾತ್ರ ನಿಲ್ಲಿಸುವುದಿಲ್ಲ.